ಮೂಲ್ಕಿಯ ಕುಂದರನ್: 49 ವರ್ಷ ಉಳಿದ ದಾಖಲೆ

ವಿಕೆಟ್‌ಕೀಪರ್ ಬ್ಯಾಟಿನಿಂದಲೂ ಪಂದ್ಯವನ್ನಾಳಬಲ್ಲನೆಂದು ಭಾರತಕ್ಕೆ ತೋರಿಸಿಕೊಟ್ಟವರು ಬುಧಿ ಕುಂದರನ್. 1939ರಲ್ಲಿ ಮೂಲ್ಕಿಯಲ್ಲಿ ಜನಿಸಿದ ಅವರು 1960ರಲ್ಲಿ ಆಸ್ಟ್ರೇಲಿಯ ವಿರುದ್ಧ ಮುಂಬಯಿಯಲ್ಲಿ ಟೆಸ್ಟ್ ಅಂಗಳಕ್ಕಿಳಿದಾಗ ಇನ್ನೂ ರಣಜಿ ಪಂದ್ಯವನ್ನೇ ಆಡಿರಲಿಲ್ಲ. ಬಳಿಕ ರೈಲ್ವೇಸ್ ಪರ ಮೊದಲ ರಣಜಿ ಪಂದ್ಯದಲ್ಲೇ ದ್ವಿಶತಕ ಬಾರಿಸಿದರು.

1964ರ ಜನವರಿಯಲ್ಲಿ ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ದಿನವೇ ಅಜೇಯ 170 ರನ್ ಗಳಿಸಿ, ಮರುದಿನ 192ಕ್ಕೆ ಔಟಾದರು. ದೆಹಲಿಯಲ್ಲಿ ಮತ್ತೊಂದು ಶತಕ. ಸರಣಿಯಲ್ಲಿ ಒಟ್ಟು 525 ರನ್. ಇಷ್ಟಾದರೂ ಅದೇ ವರ್ಷ ಆಸ್ಟ್ರೇಲಿಯ ವಿರುದ್ಧದ ಸರಣಿಯಲ್ಲಿ ಕೀಪರ್ ಸ್ಥಾನ ಇಂದ್ರಜಿತ್‌ಸಿನ್ಹಜಿಯವರ ಪಾಲಾಯಿತು. ಫಾರೂಕ್ ಇಂಜಿನಿಯರ್ ಅವರೊಂದಿಗಿನ ದೀರ್ಘ ಪೈಪೋಟಿಯ ನಡುವೆ 1967ರಲ್ಲಿ, 18 ಟೆಸ್ಟ್‌ಗಳಿಗೇ ಅವರ ಪಯಣ ಮುಗಿಯಿತು.

ಸ್ಕಾಟ್ಲೆಂಡಿನಲ್ಲಿ ನೆಲೆಸಿದ ಅವರು 2006ರಲ್ಲಿ ಗ್ಲಾಸ್ಗೋದಲ್ಲಿ ನಿಧನರಾದರು. ಭಾರತೀಯ ಕೀಪರ್ ಒಬ್ಬರ ಗರಿಷ್ಠ ಮೊತ್ತವಾಗಿದ್ದ ಆ 192ನ್ನು ಹಿಂದಿಕ್ಕಲು 2013ರಲ್ಲಿ ಅದೇ ನಗರದಲ್ಲಿ ಧೋನಿಯವರ 224 ರನ್ ಬೇಕಾಯಿತು.