ಫೆರ್ಡಿನಾಂಡ್ ಕಿಟ್ಟೆಲ್ ಅಯ್ಯನವರ ಜೀವಿತ: ದಿನದ ಕೆಲಸದಲ್ಲಿ ಹೊಸತನವನ್ನು ಕಂಡ ಬಗೆ

ನಮ್ಮ ಲಕಮನಹಳ್ಳಿಯು ಧಾರವಾಡದ ಮಗ್ಗುಲಲ್ಲಿರುವ ಊರು. ಹಿಂದೆ ಹೊಲಗಳಿದ್ದ ನೆಲದಲ್ಲಿ ಈಗ ಕಾರ್ಖಾನೆಗಳು ಎದ್ದು ನಿಂತಿವೆ. ಸಂಜೆಯ ಪ್ರಾರ್ಥನಾಕೂಟವು ಮುಗಿದ ಮೇಲೆ ನಾವು ಅಂಗಳದಲ್ಲಿ ಕುಳಿತು ಮಾತಾಡುವಾಗ ಒಂದೇ ದೂರು ಹಲವು ಬಾಯಿಗಳಿಂದ ಹೊರಡುವದುಂಟು. ಕಾರ್ಖಾನೆಯಲ್ಲಿ ದುಡಿಯುವವನು, ತಾನು ಮುಂಜಾನೆಯಿಂದ ಸಂಜೆಯ ವರೆಗೆ ಒಂದೇ ಯಂತ್ರದ ಮುಂದೆ ನಿಂತು ಒಂದೇ ಬಗೆಯ ತುಂಡನ್ನು ಕೊರೆಯುತ್ತಿದ್ದೇನೆ ಎನ್ನುತ್ತಾನೆ. ಒಕ್ಕಲುತನ ಮಾಡುವವನು ಅದೇ ಎತ್ತು, ಅದೇ ಸಾಲು ಎನ್ನುತ್ತಾನೆ. ಮನೆಯ ತಾಯಿಯು ಅದೇ ಒಲೆ, ಅದೇ ರೊಟ್ಟಿ ಎಂದು ನಿಟ್ಟುಸಿರು ಬಿಡುತ್ತಾಳೆ. ಹೊಸದನ್ನು ಕಂಡುಕೊಳ್ಳುವ ಬುದ್ಧಿಯು ಕವಿಗಳಿಗೂ ಚಿತ್ರಗಾರರಿಗೂ ಮಾತ್ರ ಸಿಕ್ಕಿದ ವರವೆಂದೂ ತಮ್ಮಂಥವರ ಪಾಲಿಗೆ ಬಂದದ್ದು ಹಳೆಯದನ್ನೇ ತಿರುತಿರುಗಿ ಮಾಡುವ ಕೆಲಸವೆಂದೂ ಅವರೆಲ್ಲರು ನಂಬಿದ್ದಾರೆ. ಈ ನಂಬಿಕೆಯು ಸರಿಯೋ ಎಂಬುವದನ್ನು ನೋಡುವದಕ್ಕಾಗಿ, ನಮ್ಮ ಧಾರವಾಡ ಸೀಮೆಯಲ್ಲಿಯೇ ತಮ್ಮ ಸೇವೆಯನ್ನು ಆರಂಭಿಸಿದ ಒಬ್ಬರ ಜೀವಿತವನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ.

ಫೆರ್ಡಿನಾಂಡ್ ಕಿಟ್ಟೆಲರು 1832ನೇ ಇಸವಿಯ ಏಪ್ರಿಲ್ ತಿಂಗಳಲ್ಲಿ ಜರ್ಮನ್ ದೇಶದ ಉತ್ತರ ಸಮುದ್ರತೀರಕ್ಕೆ ಸೇರಿದ ಓಸ್ಟ್‌ಫ್ರೀಸ್‌ಲಾಂಡ್ ಎಂಬ ಸೀಮೆಯಲ್ಲಿ, ರೆಸ್ಟರ್‌ಹಾಫ ಎಂಬ ಊರಿನಲ್ಲಿ ಹುಟ್ಟಿದರು. ಇವರ ತಂದೆ ಸಭಾಪಾಲಕರು. ಹುಡುಗನು ಶಾಲೆಯಲ್ಲಿ ಲ್ಯಾಟಿನ್, ಗ್ರೀಕ್, ಇಬ್ರಿಯ ಭಾಷೆಗಳನ್ನು ಕಲಿತನು. 1850ರಲ್ಲಿ, ಹದಿನೆಂಟು ವರುಷದ ಪ್ರಾಯದಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿದ್ದ ಮಿಶನ್ ಸೆಮಿನರಿಯನ್ನು ಸೇರಿದನು. ಆ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದ್ದರು. 1853ರಲ್ಲಿ ಕಿಟ್ಟೆಲರು ಇಪ್ಪತ್ತೊಂದು ವರುಷದವರಾಗಿ ಈ ದೇಶಕ್ಕೆ ಬಂದರು. ಅವರ ಮೊದಲಿನ ವರುಷಗಳು ನಮ್ಮ ಈ ಸೀಮೆಯಲ್ಲಿಯೇ ಕಳೆದವು.

ಹೊಸದಾಗಿ ಬಂದ ಮಿಶನರಿಗೆ ನೇಮಿಸಲ್ಪಟ್ಟ ಕೆಲಸವು ಎಲ್ಲರಿಗೂ ಒಂದೇ ಆಗಿತ್ತು: ಭಾಷೆಯನ್ನು ಕಲಿಯಬೇಕು, ಹಳ್ಳಿಗಳನ್ನು ಸುತ್ತಬೇಕು, ಸಂತೆಯಲ್ಲಿ ಸಾರಬೇಕು, ಶಾಲೆಯನ್ನು ನೋಡಿಕೊಳ್ಳಬೇಕು. ಹಲವರು ಭಾಷೆಯನ್ನು ಕೆಲಸಕ್ಕೆ ಬೇಕಾಗುವಷ್ಟು ಕಲಿತು ಅಲ್ಲಿಗೆ ನಿಲ್ಲಿಸುತ್ತಿದ್ದರು. ಕಿಟ್ಟೆಲರಿಗೆ ಅಷ್ಟು ಸಾಲಲಿಲ್ಲ. ಈ ದೇಶದವರ ನಡುವೆ ಈ ದೇಶದವನಾಗಿಯೇ ಇರಬೇಕೆಂಬುವದು ಅವರ ಆಶೆ. ಆದಕಾರಣ ಅವರು ಜನರ ನಡೆನುಡಿಯನ್ನೂ ಹಾಡು ಸಂಗೀತವನ್ನೂ ಮನಸ್ಸಿಟ್ಟು ಕಲಿಯತೊಡಗಿದರು. ಇದರಿಂದ ಹಳ್ಳಿಗಾಡಿನ ಜನರ ಪ್ರೀತಿಯು ಅವರಿಗೆ ದೊರಕಿತು. ಆದರೆ ಆ ಕಾಲದಲ್ಲಿ ಮಿಶನ್ನಿನ ಆಡಳಿತವನ್ನು ನಡಿಸುತ್ತಿದ್ದ ಸಹೋದರರಿಗೆ ಇವರ ರೀತಿಯು ರುಚಿಸಲಿಲ್ಲ. ಅವರು ಇವರನ್ನು ಮುಖ್ಯವಾದ ಕೆಲಸದಿಂದ ಬದಿಗೆ ಸರಿಸಿದರು.

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಉತ್ಸಾಹದಿಂದ ಹೊಸ ದಾರಿಯನ್ನು ಹಿಡಿದವನಿಗೆ ತನ್ನವರೇ ಬೆನ್ನು ತಿರುಗಿಸಿದರೆ ಅವನು ಏನು ಮಾಡುವನು? ಒಬ್ಬನು ಸಿಟ್ಟಾಗಿ ಕೆಲಸವನ್ನು ಬಿಟ್ಟುಹೋಗುವನು. ಇನ್ನೊಬ್ಬನು ಎಲ್ಲರಂತೆ ಇದ್ದುಬಿಡುವೆನೆಂದು ತನ್ನೊಳಗಿನ ಬೆಂಕಿಯನ್ನು ಬೂದಿಯಲ್ಲಿ ಮುಚ್ಚುವನು. ಕಿಟ್ಟೆಲರು ಇವೆರಡನ್ನೂ ಮಾಡಲಿಲ್ಲ. ಮಿಶನ್ನನ್ನು ಬಿಡಲಿಲ್ಲ, ಕನ್ನಡವನ್ನೂ ಬಿಡಲಿಲ್ಲ. ತಮ್ಮನ್ನು ಎಲ್ಲಿ ಇಟ್ಟರೋ ಅಲ್ಲಿ, ಏನನ್ನು ಕೊಟ್ಟರೋ ಅದರಲ್ಲಿ, ತಮ್ಮ ಪ್ರೀತಿಯ ಕೆಲಸಕ್ಕೆ ಎಡೆಯನ್ನು ಹುಡುಕಿದರು. ಮಂಗಳೂರು, ನೀಲಗಿರಿ, ಮಡಿಕೇರಿ ಹೀಗೆ ಬೇರೆ ಬೇರೆ ಠಾಣ್ಯಗಳಲ್ಲಿ ಅವರು ಸೇವೆಮಾಡಬೇಕಾಯಿತು. ಹೋದಲ್ಲೆಲ್ಲಾ ಕನ್ನಡದ ಅಭ್ಯಾಸವೂ ಅವರ ಸಂಗಡ ಹೋಯಿತು.

ಅವರ ಹೊಸತನದ ಮೊದಲಿನ ಫಲವು 1862ರಲ್ಲಿ ಅಚ್ಚಾದ ಕಥಾಮಾಲೆ ಎಂಬ ಪುಸ್ತಕವು. ಅದರಲ್ಲಿರುವದು ಕರ್ತನಾದ ಯೇಸುವಿನ ಚರಿತ್ರೆ. ಆ ಕಾಲದ ಸಭೆಗಳಲ್ಲಿ ಪರದೇಶದ ರಾಗಗಳಿಗೆ ಕನ್ನಡ ಮಾತುಗಳನ್ನು ಹೊಂದಿಸಿ ಹಾಡುವ ಪದ್ಧತಿಯು ಬೇರೂರಿತ್ತು. ಅದು ಕೆಟ್ಟದ್ದೆಂದು ನಾವು ಹೇಳುವದಿಲ್ಲ. ಆ ಹಾಡುಗಳಿಂದ ನಮ್ಮ ಹಿರಿಯರು ಆದರಣೆ ಹೊಂದಿದ್ದಾರೆ. ಆದರೆ ಪುರಾಣಗಳನ್ನೂ ಪದಗಳನ್ನೂ ಕೇಳಿ ಬೆಳೆದ ಕಿವಿಗೆ ಸುವಾರ್ತೆಯು ಅದರ ಪರಿಚಯದ ನಡೆಯಲ್ಲಿಯೇ ಬಂದರೆ ಹೇಗೆ ಎಂದು ಕಿಟ್ಟೆಲರು ಯೋಚಿಸಿದರು. ಕಥೆಯನ್ನು ಬದಲಿಸಲಿಲ್ಲ, ಈ ನಾಡಿನ ಛಂದಸ್ಸಿನ ಅಚ್ಚಿನಲ್ಲಿ ಅದನ್ನು ಎರೆದರು. ಹೊಸತನವೆಂದರೆ ಅನೇಕ ವೇಳೆ ಇಷ್ಟೇ: ಒಳ್ಳೆಯದಾದ ಹಳೆಯ ವಸ್ತುವನ್ನು, ಕೊಳ್ಳುವವನ ಕೈಗೆ ಒಪ್ಪುವ ಪಾತ್ರೆಯಲ್ಲಿ ಕೊಡುವದು.

ಈ ನಡುವೆ ಅವರ ಮನೆಗೆ ದುಃಖವು ಬಂತು. 1860ರಲ್ಲಿ ಅವರು ಪೌಲೀನ ಎಂಬಾಕೆಯನ್ನು ಮದುವೆಯಾಗಿದ್ದರು. ನಾಲ್ಕೇ ವರುಷಗಳಲ್ಲಿ, 1864ರಲ್ಲಿ, ಆಕೆಯು ತೀರಿಕೊಂಡಳು. 1867ರಲ್ಲಿ ಆಕೆಯ ತಂಗಿಯಾದ ಯೂಲಿಯೆಯನ್ನು ಮದುವೆಯಾದರು. ಪರದೇಶದ ಮಣ್ಣಿನಲ್ಲಿ ಹೆಂಡತಿಯನ್ನು ಕಳೆದುಕೊಂಡವನ ಮನಸ್ಸು ಎಷ್ಟು ಬಳಲಿರಬಹುದೆಂದು ದುಃಖವನ್ನು ಕಂಡವರು ತಿಳಿದುಕೊಳ್ಳುವರು. ಆದರೂ ಅವರ ಕೆಲಸವು ನಿಲ್ಲಲಿಲ್ಲ.

ಅವರ ಕಾಲಕ್ಕೆ ಕನ್ನಡಕ್ಕೆ ನಿಘಂಟು ಇರಲಿಲ್ಲವೆಂದು ಯಾರೂ ತಿಳಿಯಬಾರದು. ಕಿಟ್ಟೆಲರು ಹುಟ್ಟಿದ 1832ನೇ ಇಸವಿಯಲ್ಲಿಯೇ ಲಂಡನ್ ಮಿಶನ್ನಿನ ವಿಲ್ಯಮ್ ರೀವ್ ಎಂಬವರ ಕನ್ನಡ ಇಂಗ್ಲಿಷ್ ನಿಘಂಟು ಹೊರಬಂದಿತ್ತು; 1858ರಲ್ಲಿ ಸ್ಯಾಂಡರ್ಸನ್ ಎಂಬವರು ಅದನ್ನು ತಿದ್ದಿ ಪ್ರಕಟಿಸಿದ್ದರು. ಆದರೆ ಜನರು ಆಡುವ ಮಾತುಗಳೂ ಹಳೆಯ ಕಾವ್ಯಗಳ ಮಾತುಗಳೂ ಎಷ್ಟೋ ಹೊರಗೆ ಉಳಿದಿದ್ದವು. ಹೀಗಿರಲಾಗಿ ಹೊಸದೊಂದು ದೊಡ್ಡ ನಿಘಂಟಿನ ಕೆಲಸವು ಕಿಟ್ಟೆಲರ ಪಾಲಿಗೆ ಬಂತು. ಪ್ರಿಯರೇ, ನಿಘಂಟನ್ನು ಬರೆಯುವದಕ್ಕಿಂತ ಬೇಸರದ ಕೆಲಸ ಮತ್ತೊಂದು ಉಂಟೇ? ಒಂದು ಮಾತು, ಅದರ ಅರ್ಥ. ಮತ್ತೊಂದು ಮಾತು, ಅದರ ಅರ್ಥ. ಯಂತ್ರದ ಮುಂದೆ ನಿಂತು ಒಂದೇ ಬಗೆಯ ತುಂಡನ್ನು ಕೊರೆಯುವ ನಮ್ಮ ಸಹೋದರನ ಕೆಲಸಕ್ಕೂ ಇದಕ್ಕೂ ಏನು ಭೇದ?

ಆದರೆ ಕಿಟ್ಟೆಲರು ಅದನ್ನು ಮಾಡಿದ ಬಗೆಯೇ ಬೇರೆ. ಮೊದಲನೆಯದಾಗಿ, ಅವರು ಭಾಷೆಯ ಬೇರನ್ನು ಹುಡುಕಿದರು. ಓಲೆಗರಿಯ ಹಳೆಯ ಗ್ರಂಥಗಳನ್ನು ಪಂಡಿತರ ಸಹಾಯದಿಂದ ಓದಿದರು. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವೆಂಬ ವ್ಯಾಕರಣವನ್ನು 1872ರಲ್ಲಿಯೂ, ಹತ್ತನೆಯ ಶತಮಾನದ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಶೋಧಿಸಿ ಅಚ್ಚುಹಾಕಿಸಿದರು. ಎರಡನೆಯದಾಗಿ, ಅವರು ಒಂದೊಂದು ಮಾತಿಗೂ ಅದರ ಕುಲವನ್ನು ಕೇಳಿದರು. ಇದು ಸಂಸ್ಕೃತದಿಂದ ಬಂತೋ, ಅಚ್ಚ ಕನ್ನಡವೋ? ತಮಿಳು, ತೆಲುಗು, ಮಲೆಯಾಳ, ತುಳು ಭಾಷೆಗಳಲ್ಲಿ ಇದಕ್ಕೆ ಅಕ್ಕತಂಗಿಯರುಂಟೋ? ಕನ್ನಡವೇ ಮೊದಲಾದ ಭಾಷೆಗಳು ಸಂಸ್ಕೃತದಿಂದ ಸಾಲ ತೆಗೆದವೆಂದು ಎಲ್ಲರು ಹೇಳುತ್ತಿದ್ದ ಕಾಲದಲ್ಲಿ, ಸಂಸ್ಕೃತವು ಈ ಭಾಷೆಗಳಿಂದ ತೆಗೆದುಕೊಂಡಿರಬಹುದಾದ ಮಾತುಗಳ ಪಟ್ಟಿಯನ್ನೂ ಅವರು ತಮ್ಮ ನಿಘಂಟಿನ ಪೀಠಿಕೆಯಲ್ಲಿ ಕೊಟ್ಟರು. ಮೂರನೆಯದಾಗಿ, ಕಾವ್ಯಗಳಿಂದ ಆಧಾರಗಳನ್ನು ತೆಗೆದಂತೆಯೇ ಜನರ ಗಾದೆಗಳಿಂದಲೂ ಆಧಾರಗಳನ್ನು ತೆಗೆದರು. ಅರಸನ ಆಸ್ಥಾನದ ಕವಿಯ ಮಾತಿಗೆ ಸಿಕ್ಕಿದ ಪುಟದಲ್ಲಿಯೇ ಒಕ್ಕಲಿಗನ ಕೂರಿಗೆಗೂ ಕುಂಟೆಗೂ, ತಾಯಿಯ ಒಲೆಗೂ ಮೊರಕ್ಕೂ ಸ್ಥಳ ಸಿಕ್ಕಿತು.

ಈ ಕೆಲಸವು ಒಂದು ದಿನದ ಹುರುಪಿನಿಂದ ಆದದ್ದಲ್ಲ. ಕೆಲವು ವರುಷ ಈ ದೇಶದಲ್ಲಿ, ಕೆಲವು ವರುಷ ಸ್ವದೇಶದಲ್ಲಿ, ಸುಮಾರು ಇಪ್ಪತ್ತು ವರುಷಗಳ ವರೆಗೆ ಅದು ನಡೆಯಿತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಛಾಪಖಾನೆಯಿಂದ ನಿಘಂಟು ಹೊರಬಂತು. ಅದರಲ್ಲಿ ಸುಮಾರು 70,000 ಶಬ್ದಗಳು. ಪುಟಗಳು 1,700ಕ್ಕೂ ಹೆಚ್ಚು. 1896ರಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಕಿಟ್ಟೆಲರಿಗೆ ಡಾಕ್ಟರ್ ಪದವಿಯನ್ನು ಕೊಟ್ಟು ಗೌರವಿಸಿತು. ವಿಶ್ರಾಂತಿಯ ವಯಸ್ಸಿನಲ್ಲಿಯೂ ಅವರು ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದರು. ಅದು 1903ರಲ್ಲಿ ಪ್ರಕಟವಾಯಿತು. ಅದೇ ವರುಷದ ದಶಂಬರದಲ್ಲಿ, ಎಪ್ಪತ್ತೊಂದು ವರುಷದವರಾಗಿ, ಅವರು ಟ್ಯೂಬಿಂಗನ್ನಿನಲ್ಲಿ ಕರ್ತನಲ್ಲಿ ನಿದ್ರೆಹೋದರು. ಅವರನ್ನು ಬದಿಗೆ ಸರಿಸಿದವರ ಹೆಸರುಗಳನ್ನು ಇಂದು ಬಲ್ಲವರು ಕಡಿಮೆ. ಕಿಟ್ಟೆಲರ ಹೆಸರಿನಲ್ಲಿ ಧಾರವಾಡದಲ್ಲಿ ಕಾಲೇಜು ಇದೆ, ಬೆಂಗಳೂರಿನಲ್ಲಿ ಪ್ರತಿಮೆ ಇದೆ. ಅವರ ನಿಘಂಟನ್ನು ಕನ್ನಡ ಪಂಡಿತರು ಈಗಲೂ ತೆರೆದು ನೋಡುತ್ತಾರೆ.

ಕಿಟ್ಟೆಲರು ವಿದ್ಯಾವಂತರು, ಪುಸ್ತಕ ಬರೆಯುವವರು. ಕೈಕೆಲಸದವರಿಗೆ ಅವರ ಮಾದರಿ ಹೇಗೆ ಒಪ್ಪುವದು ಎಂದು ಯಾರಾದರೂ ಕೇಳಬಹುದು. ಅಂಥವರು ಅದೇ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟರನ್ನು ನೆನಸಲಿ. ಅವರು ಛಾಪಖಾನೆಯ ಕೆಲಸಕ್ಕೆ ಬಂದವರು. ಆದರೆ ಮಂಗಳೂರಿನ ಸುತ್ತಲಿನ ನದೀತೀರಗಳ ಜೇಡಿಮಣ್ಣನ್ನು ಬರೀ ಕೆಸರೆಂದು ತಿಳಿಯದೆ, ಅದರಿಂದ ಏನಾಗಬಹುದೆಂದು ಪರೀಕ್ಷಿಸಿದರು. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯು ಆರಂಭವಾಯಿತು. ಮಂಗಳೂರು ಹೆಂಚು ಎಂಬ ಹೆಸರನ್ನು ಕೇಳದವರು ನಮ್ಮಲ್ಲಿ ಯಾರು? ಅದರ ಕೆಳಗೆ ಮಲಗಿದವರೇ ನಾವು ಬಹಳ ಮಂದಿ. ಸತ್ಯವೇದದಲ್ಲಿಯೂ ದೇವದರ್ಶನದ ಗುಡಾರವನ್ನು ಕಟ್ಟುವದಕ್ಕೆ ದೇವರು ಬೆಚಲೇಲನೆಂಬ ಕುಶಲಗಾರನನ್ನು ಹೆಸರು ಹಿಡಿದು ಕರೆದು, ಬಂಗಾರ, ತಾಮ್ರ, ಮರ, ಕಲ್ಲುಗಳ ಕೆಲಸಕ್ಕಾಗಿ ತನ್ನ ಆತ್ಮನಿಂದ ತುಂಬಿಸಿದನೆಂದು ವಿಮೋಚನಕಾಂಡದಲ್ಲಿ ಓದುತ್ತೇವೆ. ಏನೂ ಇಲ್ಲದಲ್ಲಿಂದ ಉಂಟುಮಾಡುವದು ದೇವರೊಬ್ಬನ ಕಾರ್ಯ. ಮನುಷ್ಯನಿಗೆ ಕೊಡಲ್ಪಟ್ಟ ಹೊಸತನವು, ಕೈಯಲ್ಲಿ ಈಗಾಗಲೇ ಇರುವದನ್ನು ಪ್ರೀತಿಯಿಂದ ಹತ್ತಿರ ಹೋಗಿ ನೋಡುವದರಲ್ಲಿ ಇದೆ. ಕಿಟ್ಟೆಲರಿಗೆ ಅದು ಮಾತು, ಪ್ಲೆಬ್ಸ್ಟರಿಗೆ ಮಣ್ಣು, ಬೆಚಲೇಲನಿಗೆ ಮರ ಮತ್ತು ಲೋಹ.

ಈ ಪಾಠವನ್ನು ನಾವು ತಡವಾಗಿ ಕಲಿತೆವೆಂದು ಒಪ್ಪಿಕೊಳ್ಳಬೇಕು. ಬಹಳ ವರುಷಗಳ ವರೆಗೆ ನಾವು ಸೆಮಿನರಿಯಲ್ಲಿ ಬರೆದುಕೊಂಡ ನೋಟುಬುಕ್ಕನ್ನೇ ಹಿಡಿದು ಬೋಧಿಸುತ್ತಿದ್ದೆವು, ಜನರು ತೂಕಡಿಸುತ್ತಿದ್ದರು. ಒಂದು ಭಾನುವಾರ ಗೋದಿಯನ್ನೂ ಹೊಟ್ಟನ್ನೂ ಬೇರೆ ಮಾಡುವ ವಿಷಯವನ್ನು ಪುಸ್ತಕದ ದೊಡ್ಡ ಮಾತಿನಲ್ಲಿ ಹೇಳಿದೆವು. ಕೂಟವಾದ ಮೇಲೆ ಮುದುಕಿಯೊಬ್ಬಳು ನಮ್ಮ ಹತ್ತಿರ ಬಂದು, ಕಣದಲ್ಲಿ ಗಾಳಿಗೆ ಹಿಡಿಯುವದಕ್ಕೆ ತೂರುವದೆಂದೂ ಮನೆಯಲ್ಲಿ ಮೊರ ಹಿಡಿದು ಮಾಡುವದಕ್ಕೆ ಕೇರುವದೆಂದೂ ಹೇಳುತ್ತಾರೆ, ಅಯ್ಯನವರು ಹೇಳಿದ್ದು ಯಾವದು ಎಂದು ಕೇಳಿದಳು. ನಮಗೆ ನಾಚಿಕೆಯಾಯಿತು. ಮುಂದಿನ ಭಾನುವಾರ ಆಕೆಯಿಂದಲೇ ಮೊರವನ್ನು ತರಿಸಿ, ಆಕೆಯ ಕೈಯಿಂದಲೇ ಜೋಳವನ್ನು ಕೇರಿಸಿ, ಅದೇ ಪಾಠವನ್ನು ತಿರುಗಿ ಹೇಳಿದೆವು. ಅಂದು ಯಾರೂ ತೂಕಡಿಸಲಿಲ್ಲ. ನಾವು ಹೊಸ ಉಪದೇಶವನ್ನು ತರಲಿಲ್ಲ. ನಮ್ಮ ಮುಂದೆಯೇ ಕುಳಿತಿದ್ದವಳನ್ನು ಆ ದಿನ ಮೊದಲನೆಯ ಸಾರಿ ಕೇಳಿದೆವು, ಅಷ್ಟೇ.

ಆದಕಾರಣ ಸಹೋದರ ಸಹೋದರಿಯರೇ, ಈ ತಿಂಗಳು ನಿಮ್ಮಲ್ಲಿ ಪ್ರತಿಯೊಬ್ಬರು ದಿನದ ಕೆಲಸಗಳಲ್ಲಿ ಒಂದನ್ನು ಆರಿಸಿಕೊಂಡು, ಅದನ್ನು ಎಂದೂ ಕಾಣದವರಂತೆ ನೋಡಿರಿ. ಇದನ್ನು ಹೀಗೆಯೇ ಯಾಕೆ ಮಾಡುತ್ತೇವೆ, ಬೇರೆ ರೀತಿಯಲ್ಲಿ ಮಾಡಿದರೆ ಏನಾಗುವದು, ನಮಗಿಂತ ಚೆನ್ನಾಗಿ ಇದನ್ನು ಬಲ್ಲವರು ಯಾರು ಎಂದು ಕೇಳಿಕೊಳ್ಳಿರಿ. ಯಂತ್ರದ ಮುಂದೆ ನಿಲ್ಲುವ ಸಹೋದರನು ತನ್ನ ಕೈಯಳತೆಯೊಳಗೆ ಸಾಮಾನುಗಳನ್ನು ಜೋಡಿಸುವ ಕ್ರಮವನ್ನು ನೋಡಲಿ. ಒಕ್ಕಲಿಗನು ತನ್ನ ಹೊಲದ ಒಂದು ಮೂಲೆಯಲ್ಲಿ ಬೇರೆ ಬೀಜವನ್ನು ಬಿತ್ತಿ ನೋಡಲಿ. ತಾಯಿಯು ತನ್ನ ಅಜ್ಜಿಯ ಅಡಿಗೆಯೊಂದನ್ನು ನೆನಸಿಕೊಂಡು ಮಗಳಿಗೆ ಕಲಿಸಲಿ. ಮಾಡಿದ್ದು ಕೆಟ್ಟರೆ ಅಂಜಬೇಡಿರಿ. ನಗುವವರು ಇದ್ದೇ ಇರುವರು, ಕಿಟ್ಟೆಲರನ್ನು ಮೆಚ್ಚದವರು ಅವರ ಸ್ವಂತ ಮಿಶನ್ನಿನಲ್ಲಿಯೇ ಇದ್ದರು. ತಲಾಂತನ್ನು ಹೂಳಿಟ್ಟವನು ನಷ್ಟಕ್ಕೆ ಅಂಜಿದವನೇ ಹೊರತು ಕಳ್ಳನಾಗಿರಲಿಲ್ಲ. ಆದರೂ ಅವನ ಯಜಮಾನನು ಅವನನ್ನು ಮೆಚ್ಚಲಿಲ್ಲ. ನಮ್ಮ ಪಾಲಿಗೆ ಬಂದ ತಲಾಂತು ಎಷ್ಟೇ ಸಣ್ಣದಾಗಿ ಕಂಡರೂ ಅದನ್ನು ಮಣ್ಣಿನಿಂದ ಹೊರಗೆ ತೆಗೆಯುವ ಧೈರ್ಯವನ್ನು ಕೃಪೆಯುಳ್ಳ ದೇವರು ನಮ್ಮೆಲ್ಲರಿಗೂ ಅನುಗ್ರಹಿಸಲಿ.