ತಾರಾಬಾಯಿ ಮೋಡಕ್

ಸಿರವಾರದ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಭತ್ತದ ನಾಟಿಯ ಕಾಲ ಬಂದಿತೆಂದರೆ, ಇಲ್ಲವೆ ಹತ್ತಿ ಬಿಡಿಸುವ ಕಾಲ ಬಂದಿತೆಂದರೆ, ಹೊತ್ತು ಏರುವ ಮೊದಲೇ ತಾಯಂದಿರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆಯುತ್ತಾರೆ. ಅವರ ಮೂರು ನಾಲ್ಕು ವರ್ಷದ ಮಕ್ಕಳು ಅಂಗನವಾಡಿಗೆ ಹೋಗುತ್ತವೆ. ಸಿರವಾರವು ಮಾನ್ವಿ ತಾಲ್ಲೂಕಿಗೆ ಸೇರಿದ್ದ ನನ್ನ ಬಾಲ್ಯದಲ್ಲಿ ಹೀಗಿರಲಿಲ್ಲ. ಅವ್ವ ಹೊಲಕ್ಕೆ ಹೋದರೆ ಕೂಸು ಅಕ್ಕನ ಕಂಕುಳಿಗೆ ಬರುತ್ತಿತ್ತು. ಕೂಸು ಕಂಕುಳಲ್ಲಿದ್ದ ಹುಡುಗಿ ಶಾಲೆಗೆ ಹೋಗುವುದೆಂತು? ನನ್ನನ್ನು ಎತ್ತಿ ಆಡಿಸಿದ ಅಕ್ಕ ಎರಡನೆಯ ಇಯತ್ತೆಯಲ್ಲಿಯೇ ಪಾಟಿಯನ್ನು ಕೆಳಗಿಟ್ಟಳು. ನಾನು ಓದಿ ಮಾಸ್ತರನಾದೆ.

ಇದು ಒಂದು ಮನೆಯ ಮಾತಲ್ಲ. ಚಿಕ್ಕ ಮಕ್ಕಳಿಗೆ ಆಸರೆ ಇಲ್ಲದ ಊರಿನಲ್ಲಿ ದೊಡ್ಡ ಮಕ್ಕಳ ವಿದ್ಯೆಯೂ ನಿಲ್ಲುವುದಿಲ್ಲ ಎಂಬುದನ್ನು ಬಹಳ ಹಿಂದೆಯೇ ಕಂಡುಕೊಂಡು, ಅದಕ್ಕೆ ದಾರಿ ಹುಡುಕಿದವರು ಶ್ರೀಮತಿ ತಾರಾಬಾಯಿ ಮೋಡಕ್. ನಾವು ದಿನವೂ ಬಳಸುವ ಅಂಗನವಾಡಿ ಎಂಬ ಮಾತು ಅವರ ಕೆಲಸದ ನೆಲದಿಂದಲೇ ಬಂದುದು.

ತಾರಾಬಾಯಿ ಹುಟ್ಟಿದ್ದು 1892ರ ಏಪ್ರಿಲ್ 19ರಂದು. ತಂದೆ ಸದಾಶಿವ ಪಾಂಡುರಂಗ ಕೇಳ್ಕರ್ ಪ್ರಾರ್ಥನಾ ಸಮಾಜದವರು; ವಿಧವೆಯಾಗಿದ್ದ ಉಮಾಬಾಯಿಯವರನ್ನು ಮದುವೆಯಾದವರು. ಅಂದಿನ ಸಮಾಜದಲ್ಲಿ ಇದು ಸಣ್ಣ ಸಾಹಸವಾಗಿರಲಿಲ್ಲ. ಇಂತಹ ಮನೆಯಲ್ಲಿ ಬೆಳೆದ ಮಗಳಿಗೆ ಓದಿನ ಬಾಗಿಲು ಮುಚ್ಚಲಿಲ್ಲ. 1914ರಲ್ಲಿ ತಾರಾಬಾಯಿ ಮುಂಬಯಿಯಲ್ಲಿ ಪದವೀಧರೆಯಾದರು. ಮರುವರ್ಷ ಅಮರಾವತಿಯ ವಕೀಲರಾದ ಮೋಡಕರೊಂದಿಗೆ ವಿವಾಹವಾಯಿತು. ಆ ಸಂಸಾರ ಬಹುಕಾಲ ಉಳಿಯಲಿಲ್ಲ. 1921ರಲ್ಲಿ ಪತಿಪತ್ನಿಯರು ಬೇರೆಯಾದರು. ಪುಟ್ಟ ಮಗಳನ್ನು ಜೊತೆಗಿಟ್ಟುಕೊಂಡು ತಮ್ಮ ಅನ್ನವನ್ನು ತಾವೇ ದುಡಿದುಕೊಳ್ಳಲು ಹೊರಟ ಅವರು ರಾಜಕೋಟೆಯ ಮಹಿಳಾ ಅಧ್ಯಾಪಕ ತರಬೇತಿ ಕಾಲೇಜಿನ ಪ್ರಾಂಶುಪಾಲರಾದರು. ಗೌರವದ ಹುದ್ದೆ, ನೆಮ್ಮದಿಯ ಸಂಬಳ. ಮತ್ತೊಬ್ಬರಾಗಿದ್ದರೆ ಅಲ್ಲಿಯೇ ನಿವೃತ್ತರಾಗುತ್ತಿದ್ದರು.

ಆ ವೇಳೆಗೆ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಗಿಜುಭಾಯಿ ಬಧೇಕಾ ಎಂಬುವರು ವಿಚಿತ್ರವಾದೊಂದು ಶಾಲೆ ನಡೆಸುತ್ತಿದ್ದರು. ಅವರೂ ಮೊದಲು ವಕೀಲರೇ. ತಮಗೊಬ್ಬ ಮಗ ಹುಟ್ಟಿದ ಮೇಲೆ, ಈ ಕೂಸನ್ನು ಹೇಗೆ ಬೆಳೆಸಬೇಕೆಂಬ ಚಿಂತೆ ಹತ್ತಿ, ಇಟಲಿಯ ಮಾರಿಯಾ ಮಾಂಟೆಸ್ಸೊರಿಯವರ ವಿಚಾರಗಳನ್ನು ಓದಿ, ವಕೀಲಿಯನ್ನು ಬಿಟ್ಟು ಬಂದವರು. 1920ರಲ್ಲಿ ಅವರು ತೆರೆದ ಬಾಲಮಂದಿರದಲ್ಲಿ ಬೆತ್ತವಿರಲಿಲ್ಲ, ಬಾಯಿಪಾಠವಿರಲಿಲ್ಲ. ಹಾಡು, ಕಥೆ, ಆಟ, ಕೈಕೆಲಸಗಳೇ ಅಲ್ಲಿನ ಪಾಠಗಳು. ಮಕ್ಕಳ ಮೇಲೆ ಅವರಿಗಿದ್ದ ಅಕ್ಕರೆಯನ್ನು ಕಂಡು ಜನ ಅವರನ್ನು ಮೀಸೆಯ ತಾಯಿ ಎಂದು ಕರೆದರು. ತಾರಾಬಾಯಿ ಕಾಲೇಜಿನ ಹುದ್ದೆಯನ್ನು ಬಿಟ್ಟು 1923ರಲ್ಲಿ ಈ ಬಾಲಮಂದಿರವನ್ನು ಸೇರಿದರು. ಕಾಲೇಜಿನ ಮುಖ್ಯಸ್ಥೆ ಕೂಸುಗಳ ಮೂಗು ಒರೆಸುವ ಕೆಲಸಕ್ಕೆ ಹೋದರೆಂದು ನಕ್ಕವರೂ ಇದ್ದಿರಬೇಕು. ಚಿಕ್ಕ ತರಗತಿಯ ಶಿಕ್ಷಕರನ್ನು ಚಿಕ್ಕ ಶಿಕ್ಷಕರೆಂದೇ ಬಗೆಯುವ ಚಾಳಿ ನಮ್ಮಲ್ಲಿ ಇಂದಿಗೂ ಹೋಗಿಲ್ಲ.

ಮಕ್ಕಳಿಗೆ ಕಲಿಸುವುದಕ್ಕಿಂತ ಮಕ್ಕಳಿಗೆ ಕಲಿಸುವವರನ್ನು ತಯಾರಿಸುವುದು ಕಷ್ಟವೆಂಬುದು ಇಬ್ಬರಿಗೂ ಬೇಗನೆ ತಿಳಿಯಿತು. ಒಂದು ಬಾಲಮಂದಿರ ಚೆನ್ನಾಗಿ ನಡೆದರೆ ಒಂದು ಊರಿನ ಮಕ್ಕಳಿಗೆ ಲಾಭ. ದೇಶದ ಉಳಿದ ಮಕ್ಕಳ ಗತಿಯೇನು? ಆದುದರಿಂದ ಅಧ್ಯಾಪಕರ ತರಬೇತಿ ಅಲ್ಲಿಯೇ ಆರಂಭವಾಯಿತು. 1926ರಲ್ಲಿ ನೂತನ ಬಾಲ ಶಿಕ್ಷಣ ಸಂಘ ಹುಟ್ಟಿತು. ಶಿಕ್ಷಣ ಪತ್ರಿಕೆಯ ಮೂಲಕ ತಾಯಿತಂದೆಗಳಿಗೂ ಶಿಕ್ಷಕರಿಗೂ ಹೊಸ ವಿಚಾರಗಳು ತಲುಪಿದವು. 1936ರಲ್ಲಿ ತಾರಾಬಾಯಿ ಮುಂಬಯಿಗೆ ಮರಳಿ ದಾದರಿನಲ್ಲಿ ಶಿಶುವಿಹಾರವನ್ನು ಸ್ಥಾಪಿಸಿದರು. ಅಲ್ಲಿಯೂ ಶಿಕ್ಷಕಿಯರ ತರಬೇತಿಗೆ ಮೊದಲ ಮಣೆ. ಮೂರು ವರ್ಷಗಳಲ್ಲಿ ಗಿಜುಭಾಯಿ ತೀರಿಕೊಂಡರು. ಭಾರವೆಲ್ಲ ತಾರಾಬಾಯಿಯವರ ಹೆಗಲಿಗೆ ಬಂದಿತು.

ದಾದರಿನ ಶಿಶುವಿಹಾರ ಹೆಸರು ಮಾಡಿತು. ಆದರೆ ಅಲ್ಲಿಗೆ ಬರುತ್ತಿದ್ದವರು ನಗರದ ಮಕ್ಕಳು. ಕೂಸಿಗೆ ಕಲಿಕೆಯ ಆಸರೆ ಎಲ್ಲರಿಗಿಂತ ಹೆಚ್ಚಾಗಿ ಬೇಕಾದದ್ದು ಕೂಲಿಯವರ ಗುಡಿಸಲಿನಲ್ಲಿ ಎಂಬ ಅರಿವು ಅವರನ್ನು ನಗರದಲ್ಲಿ ನೆಲೆಯಾಗಿ ಕೂರಗೊಡಲಿಲ್ಲ. 1945ರಲ್ಲಿ, ತಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ, ಅಂದಿನ ಠಾಣೆ ಜಿಲ್ಲೆಯ ಬೋರ್ಡಿ ಎಂಬ ಕಡಲ ತೀರದ ಹಳ್ಳಿಗೆ ಹೋಗಿ ಗ್ರಾಮ ಬಾಲ ಶಿಕ್ಷಾ ಕೇಂದ್ರವನ್ನು ಆರಂಭಿಸಿದರು. ಜೊತೆಗೆ ಬಂದವರು ಅನುತಾಯಿ ವಾಘ್. ಅನುತಾಯಿಯವರು ಹದಿಮೂರನೆಯ ವಯಸ್ಸಿನಲ್ಲಿ ಮದುವೆಯಾಗಿ, ಆರು ತಿಂಗಳಲ್ಲಿಯೇ ವಿಧವೆಯಾಗಿ, ಆ ಮೇಲೆ ಓದಿ ಶಿಕ್ಷಕಿಯಾದವರು.

ಬೋರ್ಡಿಯಲ್ಲಿ ಬಾಲವಾಡಿಯ ಬಾಗಿಲು ತೆರೆಯಿತು. ಊರಿನ ಮಕ್ಕಳು ಬಂದರು. ಹರಿಜನರ ಕೇರಿಯ ಮಕ್ಕಳು, ಆದಿವಾಸಿಗಳ ಹಾಡಿಯ ಮಕ್ಕಳು ಬರಲಿಲ್ಲ. ದೂರ, ಬಡತನ, ಮೇಲುಜಾತಿಯವರ ನಡುವೆ ಕೂರಲು ಅಂಜಿಕೆ, ಇವೆಲ್ಲವೂ ಅಡ್ಡ ನಿಂತವು. ಎರಡು ಸಲ ಕರೆದು, ಬಾರದಿದ್ದರೆ ಅವರ ಹಣೆಬರಹವೆಂದು ಸುಮ್ಮನಾಗುವುದು ಲೋಕರೂಢಿ. ತಾರಾಬಾಯಿ ಹಾಗೆ ಮಾಡಲಿಲ್ಲ. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಮಕ್ಕಳಲ್ಲಿಗೆ ಹೋಗಬೇಕೆಂದು ನಿಶ್ಚಯಿಸಿದರು. ಶಿಕ್ಷಕಿಯರು ಕೇರಿಗೆ ನಡೆದು, ಮನೆಯ ಮುಂದಣ ಅಂಗಳವನ್ನು ಗುಡಿಸಿ, ಅಲ್ಲಿಯೇ ಮಕ್ಕಳನ್ನು ಕೂಡಿಸಿ ಕಲಿಸತೊಡಗಿದರು. ಅಂಗಳದಲ್ಲಿ ನಡೆದ ಬಾಲವಾಡಿಯೇ ಅಂಗನವಾಡಿ.

ಆಟದ ಸಾಮಾನುಗಳದೂ ಒಂದು ಕಥೆಯೇ. ಮಾಂಟೆಸ್ಸೊರಿ ಪದ್ಧತಿಯ ಸಲಕರಣೆಗಳು ಬಹಳ ದುಬಾರಿ; ಹಳ್ಳಿಯ ಶಾಲೆ ಅವನ್ನು ಕೊಳ್ಳುವಂತಿರಲಿಲ್ಲ. ಬೋರ್ಡಿಯಲ್ಲಿ ಕಡಲ ದಂಡೆಯ ಚಿಪ್ಪು, ಹಳ್ಳದ ಹರಳು, ಮರದ ಬೀಜ, ಎಲೆ, ಹೂವು, ಜೇಡಿಮಣ್ಣು ಇವೇ ಸಲಕರಣೆಗಳಾದವು. ಚಿಪ್ಪುಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸುವ ಕೂಸು ಗಾತ್ರವನ್ನು ಕಲಿಯುತ್ತದೆ. ಬೀಜಗಳನ್ನು ಗುಂಪು ಮಾಡುವ ಕೂಸು ಎಣಿಕೆಯನ್ನು ಕಲಿಯುತ್ತದೆ. ಕೈ ಹಿಡಿತಕ್ಕೆ ಬಂದ ಮೇಲೆ ಬಳಪ ಹಿಡಿಯುವುದು ಕಷ್ಟವಾಗುವುದಿಲ್ಲ. ಮೊದಲೇ ಅಕ್ಷರವನ್ನು ತಿದ್ದಿಸಬೇಕೆಂದು ಅವಸರಪಡುವ ತಾಯಿತಂದೆಗಳು ಇದನ್ನು ಗಮನಿಸಬೇಕು.

1956-57ರ ವೇಳೆಗೆ ಈ ಕಾರ್ಯ ಡಹಾಣು ತಾಲ್ಲೂಕಿನ ಕೋಸಬಾಡದ ಗುಡ್ಡಕ್ಕೆ ಸಾಗಿತು. ಅಲ್ಲಿ ವಾರ್ಲಿ ಮೊದಲಾದ ಆದಿವಾಸಿಗಳ ವಾಸ. ಹುಡುಗಿಯರ ಕಂಕುಳಲ್ಲಿ ಕೂಸು. ಹುಡುಗರ ಕೈಯಲ್ಲಿ ದನ ಕಾಯುವ ಕೋಲು. ತಾರಾಬಾಯಿ ಈ ಎರಡು ತೊಡಕುಗಳನ್ನೂ ಬಿಡಿಸಿದ ಬಗೆ ಸರಳವಾದುದು. ಶಿಶುಪಾಲನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಕಡೆ ಕೂಡಿಸಿ ವಿಕಾಸವಾಡಿಯನ್ನು ಕಟ್ಟಿದರು. ಅಕ್ಕ ತಮ್ಮನನ್ನು ಎತ್ತಿಕೊಂಡೇ ಬರಬಹುದು. ತಮ್ಮ ತೊಟ್ಟಿಲಲ್ಲಿ, ಅಕ್ಕ ತರಗತಿಯಲ್ಲಿ. ದನ ಕಾಯುವ ಹುಡುಗರಿಗಾಗಿ ಶಿಕ್ಷಕರು ಹುಲ್ಲುಗಾವಲಿಗೇ ಹೋದರು. ದನ ಒಂದು ಕಡೆ ಮೇಯುತ್ತಿರಲು ಮರದ ನೆರಳಿನಲ್ಲಿ ಪಾಠ ನಡೆಯಿತು. ಈ ಭಾಗವನ್ನು ಓದಿದಾಗಲೆಲ್ಲ ನನಗೆ ಎರಡನೆಯ ಇಯತ್ತೆಯ ಆ ಪಾಟಿಯ ನೆನಪಾಗುತ್ತದೆ.

ಇಂತಹ ಶಾಲೆಗಳಿಗೆ ಶಿಕ್ಷಕಿಯರು ಎಲ್ಲಿಂದ ಬರಬೇಕು? ಪಟ್ಟಣದ ಪದವೀಧರೆಯರು ಕಾಡಿನ ಹಾಡಿಯಲ್ಲಿ ಬಹುದಿನ ನಿಲ್ಲುವುದು ಅಪರೂಪ. ನಿಂತರೂ ಮಕ್ಕಳ ಮಾತು ಅವರಿಗೆ ತಿಳಿಯದು. ಆದುದರಿಂದ ಅಲ್ಪಸ್ವಲ್ಪ ಓದಿದ ಹಳ್ಳಿಯ ಹೆಣ್ಣುಮಕ್ಕಳನ್ನೇ ಆರಿಸಿ ಬಾಲಸೇವಿಕೆಯರನ್ನಾಗಿ ತರಬೇತುಗೊಳಿಸುವ ಕ್ರಮ ಬೆಳೆಯಿತು. ಮಗುವನ್ನು ಗಮನಿಸುವುದು, ಅದರ ಮೈ ತೊಳೆದು ತಲೆ ಬಾಚುವುದು, ಹಾಡು ಕಟ್ಟಿ ಹೇಳುವುದು, ಸಿಕ್ಕಿದ ವಸ್ತುವಿನಿಂದ ಆಟಿಕೆ ಮಾಡುವುದು, ತಾಯಂದಿರೊಡನೆ ಮಾತನಾಡುವುದು, ಇವೆಲ್ಲವೂ ಕಲಿತೇ ಬರಬೇಕಾದ ವಿದ್ಯೆಗಳು. ಹೆಣ್ಣಾಗಿ ಹುಟ್ಟಿದವಳಿಗೆ ಇವು ತಾವಾಗಿಯೇ ಬರುತ್ತವೆಂದು ತಿಳಿಯುವುದು ತಪ್ಪು.

1962ರಲ್ಲಿ ಭಾರತ ಸರ್ಕಾರ ತಾರಾಬಾಯಿಯವರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿತು. 1973ರ ಆಗಸ್ಟ್ 31ರಂದು ಅವರು ನಿಧನರಾದರು. ಕೋಸಬಾಡದ ಕೆಲಸವನ್ನು ಅನುತಾಯಿ 1992ರಲ್ಲಿ ತಾವು ತೀರಿಕೊಳ್ಳುವವರೆಗೂ ಮುಂದುವರಿಸಿದರು.

ತಾರಾಬಾಯಿ ಗತಿಸಿದ ಎರಡು ವರ್ಷಗಳಿಗೆ, 1975ರ ಅಕ್ಟೋಬರ್ 2ರಂದು, ಕೇಂದ್ರ ಸರ್ಕಾರವು 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಯೋಜನೆಯ ಶಿಶುಕೇಂದ್ರಗಳಿಗೆ ಅಂಗನವಾಡಿ ಎಂಬ ಹೆಸರೇ ನಿಂತಿತು. ಆದರೆ ಅಲ್ಲಿ ದುಡಿಯುವ ಕಾರ್ಯಕರ್ತೆಗೆ ಸಿಗುವುದನ್ನು ಸಂಬಳವೆನ್ನದೆ ಗೌರವಧನವೆನ್ನುತ್ತಾರೆ. ತಾರಾಬಾಯಿ ಎತ್ತಿ ಹಿಡಿದ ವಿದ್ಯೆಗೆ ಸಲ್ಲಬೇಕಾದ ಬೆಲೆ ಇನ್ನೂ ಪೂರ್ತಿಯಾಗಿ ಸಂದಿಲ್ಲವೆಂದೇ ನನ್ನ ಭಾವನೆ. ಹನ್ನೆರಡನೆಯ ತರಗತಿಯವರೆಗೆ ಓದಿದ ಅಂಗನವಾಡಿ ಕಾರ್ಯಕರ್ತೆಯರಿಗೆ 6 ತಿಂಗಳು, ಅದಕ್ಕಿಂತ ಕಡಿಮೆ ಓದಿದವರಿಗೆ 1 ವರ್ಷ ಶಿಶುಶಿಕ್ಷಣದ ತರಬೇತಿ ಆಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಹತ್ತನೆಯ ತರಗತಿಯ ನಂತರ ಏನು ಓದಬೇಕೆಂದು ಈಗಲೇ ಯೋಚಿಸುತ್ತಿರುವ ವಿದ್ಯಾರ್ಥಿನಿಯರು, ವಿದ್ಯಾರ್ಥಿಗಳು ಕೂಡ, ಈ ದಾರಿಯನ್ನೂ ವಿಚಾರಿಸಿ ನೋಡಬಹುದು. ಮೀಸೆಯ ತಾಯಿಯೊಬ್ಬರು ಈ ಕೆಲಸಕ್ಕೆ ನೂರು ವರ್ಷಗಳ ಹಿಂದೆಯೇ ಬಂದಿದ್ದರು.

ನನ್ನ ಅಕ್ಕ ಈಗ ಮುದುಕಿ. ಅವಳ ಮೊಮ್ಮಗಳು ಅಂಗನವಾಡಿಗೆ ಹೋಗುತ್ತಾಳೆ. ಬೆಳಗ್ಗೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹೋಗಿ ಬಿಟ್ಟುಬರುವವಳು ಅಕ್ಕನೇ.