ಆಲ್ಫ್ರೆಡ್ ಸ್ಟಾಕ್

ಆಲ್ಫ್ರೆಡ್ ಸ್ಟಾಕ್ (ಜುಲೈ 16, 1876 – ಆಗಸ್ಟ್ 12, 1946) ಜರ್ಮನಿಯ ಹೆಸರಾಂತ ರಸಾಯನವಿಜ್ಞಾನಿ. ಬೋರಾನ್ ಮತ್ತು ಸಿಲಿಕಾನ್‌ಗಳ ಹೈಡ್ರೈಡುಗಳ ಅಧ್ಯಯನಕ್ಕೆ ತಳಹದಿ ಹಾಕಿದವರು. ಆಹಾರದಲ್ಲಿಯೂ ಮಾನವದೇಹದಲ್ಲಿಯೂ ಇರುವ ಅತ್ಯಲ್ಪ ಪಾದರಸವನ್ನು ಅಳೆಯುವ ವಿಧಾನಗಳನ್ನು ರೂಪಿಸಿದವರಲ್ಲಿ ಪ್ರಮುಖರು.

ಜನನ ಮತ್ತು ವೃತ್ತಿಜೀವನ

ಸ್ಟಾಕ್ ಅವರು ಡಾನ್ಜಿಗ್ ನಗರದಲ್ಲಿ (ಇಂದಿನ ಪೋಲೆಂಡಿನ ಗ್ಡಾನ್ಸ್ಕ್) ಜನಿಸಿದರು. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಎಮಿಲ್ ಫಿಷರ್ ಅವರ ಪ್ರಯೋಗಾಲಯದಲ್ಲಿ ಸಂಶೋಧನೆ ನಡೆಸಿ, ಅನಂತರ ಪ್ಯಾರಿಸ್ಸಿನಲ್ಲಿ ಆನ್ರಿ ಮ್ವಾಸಾನ್ ಅವರ ಬಳಿ ಒಂದು ವರ್ಷ ಕೆಲಸ ಮಾಡಿದರು. ಬ್ರೆಸ್ಲೌ ಹಾಗೂ ಬರ್ಲಿನ್‌ಗಳಲ್ಲಿ ಸೇವೆ ಸಲ್ಲಿಸಿ 1926ರಲ್ಲಿ ಕಾರ್ಲ್ಸ್‌ರೂಹೆಗೆ ತೆರಳಿದರು.

ಪಾದರಸದ ವಿಷಬಾಧೆ

ಬೋರಾನಿನ ಹೈಡ್ರೈಡುಗಳಲ್ಲಿ ಕೆಲವು ಗಾಳಿ ಸೋಕಿದೊಡನೆ ಹೊತ್ತಿಕೊಳ್ಳುತ್ತವೆ. ಆದ್ದರಿಂದ ಸ್ಟಾಕ್ ಅವರು ಪಾದರಸದ ಕವಾಟಗಳುಳ್ಳ ನಿರ್ವಾತ ಉಪಕರಣವನ್ನು ರಚಿಸಿಕೊಂಡರು. ಈ ಸಾಧನವೇ ಅವರ ಆರೋಗ್ಯಕ್ಕೆ ಮಾರಕವಾಯಿತು. ತಲೆನೋವು, ತಲೆಸುತ್ತು, ಮರೆವು ಮೊದಲಾದ ತೊಂದರೆಗಳು ವರ್ಷಗಟ್ಟಲೆ ಕಾಡಿದವು. ಇವುಗಳಿಗೆ ಪ್ರಯೋಗಾಲಯದ ಗಾಳಿಯಲ್ಲಿದ್ದ ಪಾದರಸದ ಆವಿಯೇ ಕಾರಣವೆಂದು 1924ರಲ್ಲಿ ತಿಳಿದುಬಂದಿತು. 1926ರಲ್ಲಿ ಅವರು ತಮ್ಮ ಅನುಭವವನ್ನು ಪ್ರಕಟಿಸಿ, ಇತರ ವಿಜ್ಞಾನಿಗಳಿಗೆ ಎಚ್ಚರಿಕೆ ನೀಡಿದರು.

ಅಳತೆಯ ವಿಧಾನ

ದೇಹವನ್ನು ಸೇರಿದ ಪಾದರಸವನ್ನು ಅಳೆಯದೆ ಅಪಾಯವನ್ನು ಅರಿಯಲಾಗದೆಂದು ಅವರು ಮನಗಂಡರು. ಮಾದರಿಯಲ್ಲಿನ ಪಾದರಸವನ್ನು ವಿದ್ಯುದ್ವಿಭಜನೆಯಿಂದ ತಾಮ್ರದ ತಂತಿಯ ಮೇಲೆ ಸಂಗ್ರಹಿಸಿ, ಕಾಯಿಸಿ ಬೇರ್ಪಡಿಸಿ, ದೊರೆತ ಹನಿಯ ವ್ಯಾಸವನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು ಅದರ ತೂಕವನ್ನು ಲೆಕ್ಕ ಹಾಕುತ್ತಿದ್ದರು. ಈ ಬಗೆಯ ಅಳತೆಗಳಿಂದ, 1934ರಲ್ಲಿ ಕುಕುಯೆಲ್ ಅವರೊಡನೆ, ಪಾದರಸವು ಮೀನು ಮುಂತಾದ ಆಹಾರಗಳಲ್ಲಿಯೂ ಅಲ್ಪ ಪ್ರಮಾಣದಲ್ಲಿ ವ್ಯಾಪಿಸಿದೆ ಎಂದು ತೋರಿಸಿದರು. ಪಾದರಸದೊಡನೆ ಕೆಲಸ ಮಾಡದವರ ದೇಹಕ್ಕೂ ಅದು ಆಹಾರದ ಮೂಲಕ ಸೇರುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಪ್ರಾಮುಖ್ಯ

ಸ್ಟಾಕ್ ಅವರ ವಿಧಾನವು ಒಟ್ಟು ಪಾದರಸವನ್ನು ಮಾತ್ರ ತಿಳಿಸುತ್ತಿತ್ತು. ಮೀನಿನಲ್ಲಿ ಹೆಚ್ಚಾಗಿರುವ ಮೀಥೈಲ್ ಪಾದರಸವನ್ನು ಪ್ರತ್ಯೇಕವಾಗಿ ಗುರುತಿಸುತ್ತಿರಲಿಲ್ಲ. ಜಪಾನಿನ ಮಿನಾಮಾಟಾ ದುರಂತದ ಬಳಿಕ ಈ ಭೇದದ ಮಹತ್ವ ಜಗತ್ತಿಗೆ ಅರಿವಾಯಿತು. ಮೀಥೈಲ್ ಪಾದರಸವು ರಕ್ತದಲ್ಲಿ ಅರ್ಧದಷ್ಟು ಇಳಿಯಲು ಸುಮಾರು 50 ದಿನಗಳು ಬೇಕು. ಆದುದರಿಂದ ಒಂದೇ ಪ್ರಮಾಣದಲ್ಲಿ ನಿರಂತರವಾಗಿ ಸೇವಿಸಿದರೆ ರಕ್ತದಲ್ಲಿನ ಮಟ್ಟವು ಕೆಲವು ತಿಂಗಳು ಏರಿ, ಸೇವನೆಗೆ ಅನುಗುಣವಾದ ಸ್ಥಿರಮಟ್ಟವನ್ನು ತಲುಪುತ್ತದೆ. ಆಹಾರ ಮತ್ತು ದೇಹ ಎರಡರಲ್ಲಿಯೂ ಪಾದರಸವನ್ನು ಅಳೆಯಬೇಕೆಂಬ ಸ್ಟಾಕ್ ಅವರ ಮಾರ್ಗವನ್ನೇ ಇಂದಿನ ಅಧ್ಯಯನಗಳೂ ಅನುಸರಿಸುತ್ತವೆ.

ಕೊನೆಯ ದಿನಗಳು

ಅನಾರೋಗ್ಯದಿಂದಾಗಿ 1936ರಲ್ಲಿ ಅವಧಿಗೆ ಮುನ್ನವೇ ನಿವೃತ್ತರಾದ ಸ್ಟಾಕ್, 1946ರಲ್ಲಿ ಎಲ್ಬೆ ನದಿಯ ದಂಡೆಯ ಆಕೆನ್ ಪಟ್ಟಣದಲ್ಲಿ ನಿಧನರಾದರು.